ಪುಟ್ಟಮಾದಯ್ಯನ ಮೀಸೆ

ಹರದನಹಳ್ಳಿಯ ಪುಟ್ಟಮಾದಯ್ಯನಿಗೆ ಮೊಮ್ಮಗನಿಗೆ ಮುತ್ತಿಡದೆ ಹೊತ್ತು ಹುಟ್ಟುತ್ತಿರಲಿಲ್ಲ, ಹೊತ್ತು ಮುಳುಗುತ್ತಿರಲಿಲ್ಲ. ಕೂಸು ಮುದ್ದೆಂದರೆ ಮುದ್ದು. ಆದರೆ ಎರಡೂ ಕೆನ್ನೆಯ ಮೇಲೆ ಇಸುಬು ಎದ್ದು, ಎತ್ತಿಕೊಂಡವರ ಹೆಗಲಿಗೆ ಉಜ್ಜಿಕೊಂಡು ಉಜ್ಜಿಕೊಂಡು ಅಳುತ್ತಿತ್ತು.

ಬಾಣಂತನಕ್ಕೆ ಬಂದಿದ್ದ ಮಗಳು ಮಲ್ಲಮ್ಮನಿಗೆ ಮಗುವಿನದೇ ಚಿಂತೆ. ಅವಳ ಅತ್ತೆ ರಾಚಮ್ಮ ತೆರಕಣಾಂಬಿಯಿಂದ ಬಂದವಳೇ ನೀರೆರೆಯುವ ಪುಡಿಯನ್ನು ಮೂಸಿದಳು.

“ಇದುಕ್ಕೆ ಯಾನ ಹಾಕಿದ್ದರಿ ಸೋಮವ್ವ? ಕಚೋರ ಜಾಸ್ತಿ ಆಗ್ಯದೆ. ಎಳೇ ಮೈ ಉರೀದೆ ಇದ್ದದಾ?”

“ನೀವು ಹರಳೆಣ್ಣೆ ಕಳಿಸಿದ್ ಮೇಲೇ ಕೆನ್ನೆ ಕೆಂಪಾದದ್ದು,” ಎಂದು ಪುಟ್ಟಮಾದಯ್ಯನ ಹೆಂಡತಿ ಸೋಮಮ್ಮ ತಿರುಗೇಟು ಕೊಟ್ಟಳು.

ಮಲ್ಲಮ್ಮನಿಗೆ ರೇಗಿ ಹೋಯಿತು. ಎಲ್ಲ ಬಂದ್, ಬರೀ ಬಿಸಿನೀರು ಎಂದಳು. ಆಮೇಲೆ ಒಂದೊಂದನ್ನೇ ಕೂಸಿನ ಮೊಣಕೈಯ ಒಳಮಡಿಕೆಗೆ ಚೂರು ಹಚ್ಚಿ ನೋಡಿದಳು. ಹೆಸರುಹಿಟ್ಟು ಒಗ್ಗಿತು, ಅರಿಶಿನ ಒಗ್ಗಿತು, ಕಚೋರವೂ ಒಗ್ಗಿತು, ಹರಳೆಣ್ಣೆಯೂ ಒಗ್ಗಿತು. ಬೀಗಿತ್ತಿಯರಿಬ್ಬರೂ ಗೆದ್ದರು, ಕೆನ್ನೆ ಮಾತ್ರ ಕೆಂಪಾಗಿಯೇ ಇತ್ತು. ಈ ಮೋಜನ್ನೆಲ್ಲ ಜಗಲಿಯಲ್ಲಿ ಕೂತು ನೋಡುತ್ತಿದ್ದ ಪುಟ್ಟಮಾದಯ್ಯ ಕೂಸಿಗೆ ಲೊಚಲೊಚನೆ ಮುತ್ತಿಟ್ಟ.

ಸೋಮಮ್ಮ ಕೂಸನ್ನು ಈಸಿಕೊಂಡು ಕೆನ್ನೆಗೆ ಮೂಗಿಟ್ಟಳು. ಚಾಮರಾಜನಗರದ ಅಂಗಡಿಯ ಸೆಂಟಿನೆಣ್ಣೆ ಘಮ್ಮೆಂದಿತು. ಅದನ್ನು ಆ ಮನೆಯಲ್ಲಿ ಬಳಿದುಕೊಳ್ಳುತ್ತಿದ್ದದ್ದು ಒಂದೇ ಮೀಸೆ.

“ಅಯ್ಯೋ, ನಿನ್ ಮೀಸೆಗೆ ಬೆಂಕಿ ಬೀಳ!”

ಪುಟ್ಟಮಾದಯ್ಯ ನಾಚಿಕೆಯಿಂದ ಹಿಡಿಯಷ್ಟಾದ. ಅವತ್ತೇ ಎಣ್ಣೆ ಬಿಟ್ಟ. ಕೆನ್ನೆಯ ಕೆಂಪು ಇಳಿಯುತ್ತಾ ಬಂತು. ಆದರೆ ಎಣ್ಣೆಯಿಲ್ಲದ ಮೀಸೆ ಹಳೇ ಪೊರಕೆಯ ಹಾಗೆ ನೆಟ್ಟಗೆ ನಿಂತು, ಮುತ್ತಿಡಲು ಹೋದರೆ ಚುಚ್ಚಿ ಕೂಸು ಕಿಟಾರನೆ ಕಿರುಚುತ್ತಿತ್ತು. ಮುತ್ತಿಡದೆ ಇರುವುದು ಅವನಿಂದಾಗಲಿಲ್ಲ. ಮೀಸೆ ಬೋಳಿಸುವುದೂ ಹುಡುಗಾಟವಲ್ಲ. ಆ ಊರಲ್ಲಿ ಗಂಡಸು ಮೀಸೆ ತೆಗೆಸುವುದು ಮನೆಯಲ್ಲಿ ಹಿರಿಯರು ಸತ್ತಾಗ ಮಾತ್ರ. ಒದ್ದಾಡಿ ಒದ್ದಾಡಿ ಕೊನೆಗೊಂದು ಬೆಳಿಗ್ಗೆ ಹೋಗಿ ಕ್ಷೌರಕ್ಕೆ ಕೂತೇಬಿಟ್ಟ.

ಮನೆಗೆ ಬರುವ ದಾರಿಯಲ್ಲಿ ಗೆಳೆಯ ಮರಿಯಪ್ಪ ಎದುರಾದ. ಪುಟ್ಟಮಾದಯ್ಯನ ಬೋಳು ತುಟಿ ನೋಡಿದ್ದೇ ಗಾಬರಿಯಾಗಿ ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡ.

“ಯಾರ್ಲಾ ಓಗ್ಬುಟ್ರು, ಮಾದಯ್ಯ? ನಂಗೆ ಒಂದ್ ಮಾತು ಹೇಳಿ ಕಳಿಸ್ನಿಲ್ವಲ್ಲ!”

“ಯಾರೂ ಓಗಿಲ್ಲ ಕಣ್ಲಾ, ದಾರಿ ಬುಡು,” ಎಂದ ಪುಟ್ಟಮಾದಯ್ಯ, ನಿಲ್ಲದೆ. “ಮುತ್ತು ಕೊಡಕ್ಕೆ ಓಯ್ತಾ ಇವ್ನಿ.”