ಒಣಗಲಿಟ್ಟ ಕಳ್ಳಿ

ಅಂದಕ್ಕೆಂದು ಗೇಟಿನ ಪಕ್ಕ ಬೆಳೆಸಿದ್ದ ಪಾಪಾಸುಕಳ್ಳಿ ದಾರಿಗೆ ಚಾಚಿದಾಗಲೆಲ್ಲ ಆಶಾರಾಣಿ ಅದನ್ನು ಕತ್ತರಿಸುತ್ತಿದ್ದಳು. ಹಸಿಯಾಗೇ ಗೊಬ್ಬರದ ಗುಂಡಿಗೆ ಹಾಕಿದರೆ ಅಲ್ಲೇ ಬೇರು ಬಿಟ್ಟು ಚಿಗುರುತ್ತದೆ. ಅದಕ್ಕೇ ಹಿತ್ತಲ ಕಲ್ಲಿನ ಮೇಲೆ ವಾರಗಟ್ಟಲೆ ಬಾಡಿಸಿ, ಕೊಚ್ಚಿ, ಸಗಣಿ ತರಗೆಲೆಯ ನಡುವೆ ಹೂಳುತ್ತಿದ್ದಳು. ಈ ಸಲ ಇಪ್ಪತ್ತೊಂದು ತುಂಡು ಒಣಗಲಿಟ್ಟಿದ್ದಳು. ಮೂರನೇ ದಿನ ನೋಡಿದರೆ ಹದಿನಾಲ್ಕು.

ಮುಳ್ಳನ್ನು ಯಾರು ಕದಿಯುತ್ತಾರೆ?

ಅನುಮಾನ ನೇರವಾಗಿ ಪಕ್ಕದ ಮನೆಯ ಹುಚ್ಚಮ್ಮನ ಮೇಲೆ ಹೋಯಿತು. ಆಶಾರಾಣಿ ಹಳೇಬೀಡಿನ ಶಾಲೆಗೆ ವರ್ಗವಾಗಿ ಬಂದು ಇಲ್ಲಿ ಮನೆ ಕಟ್ಟಿಸಿ ನಾಲ್ಕು ವರ್ಷ. ಒಕ್ಕಲಾದ ದಿನ ಹುಚ್ಚಮ್ಮ ಬಾಗಿಲಲ್ಲೇ ನಿಂತು, ಗೋಡೆಯ ಮೇಲಿನ ಬುದ್ಧನ ಪಟ ನೋಡಿ, "ಒಲೆ ಮೇಲೆ ಹಾಲೈತೆ ಕಣವ್ವ" ಎಂದು ಹೊರಟುಹೋಗಿದ್ದಳು. ಆ ಹಾಲು ಇವತ್ತಿಗೂ ಒಲೆಯಿಂದ ಇಳಿದಿರಲಿಲ್ಲ.

"ಮಾಟಕ್ಕೆ ಬೇಕೇನೋ," ಎಂದು ಗಂಡ ರವಿಕುಮಾರ್ ನಕ್ಕ.

ಆಶಾರಾಣಿ ನಗಲಿಲ್ಲ. ಮಾಟಕ್ಕೆ ಹೆದರುವವಳಲ್ಲ ಅವಳು. ತನ್ನ ಮನೆಯ ಕಳ್ಳಿ ಕದಿಯಲು ಹೇಸದ ಕೈ ತನ್ನ ಮನೆಯ ಲೋಟ ಮುಟ್ಟಲು ಹೇಸುತ್ತದಲ್ಲ, ಅದು ಕೊರೆಯುತ್ತಿತ್ತು. ಎದುರಿಗೇ ಕೇಳಿಬಿಡಬೇಕು.

ಭಾನುವಾರ ಬೆಳಿಗ್ಗೆ ಹಿತ್ತಲ ಬಾಗಿಲ ಮರೆಯಲ್ಲಿ ಕಾದಳು. ಮೋಟುಗೋಡೆಯ ಆಚೆಯಿಂದ ಒಲೆಯ ಇಕ್ಕಳ ಇಣುಕಿ ಒಂದು ತುಂಡನ್ನು ಕಚ್ಚಿತು.

"ಏನ್ ಹುಚ್ಚಮ್ಮನೋರೆ, ಮುಳ್ಳಿಗೆ ಮಡಿ ಇಲ್ವಾ?"

"ಅಯ್ಯೋ, ಎದೆ ಒಡದೋಯ್ತು ಟೀಚರಮ್ಮ! ಹಬ್ಬಕ್ಕೆ ದೇವ್ರ ಕೋಣೆಗೆ ಸುಣ್ಣ ಹೊಡೀಬೇಕು. ಕಳ್ಳಿ ಕೊಚ್ಚಿ ನೆನೆಹಾಕಿ ಆ ಲೋಳೆ ಬೆರೆಸಿದ್ರೆ ಸುಣ್ಣ ಉದುರಾಕಿಲ್ಲ. ಬೇಲಿಗಿದ್ದ ಕಳ್ಳಿನೆಲ್ಲ ಜೆಸಿಬಿ ತಿಂದಾಕ್ತು, ಇನ್ನೆಲ್ಲಿಂದ ತರ್ಲಿ?"

"ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಕೇಳಾಕ್ ಬಂದ್ರೆ ನೀವು ಒಳೀಕ್ ಕರೀತೀರಲ್ಲ..." ಎಂದವಳೇ ಹುಚ್ಚಮ್ಮ ನಾಲಿಗೆ ಕಚ್ಚಿಕೊಂಡಳು.

ನಾಲ್ಕು ವರ್ಷದ ಅನುಮಾನ ನಿಜವಾಗಿತ್ತು. ಅದು ಸುಳ್ಳಾಗಲೆಂದೇ ತಾನು ಇಷ್ಟು ವರ್ಷ ಕಾದಿದ್ದು ಎಂದು ಆಶಾರಾಣಿಗೆ ಆಗ ಹೊಳೆಯಿತು.

"ಉಳಿದಿದ್ದೂ ತಗೊಳ್ಳಿ. ಆದ್ರೆ ಗೋಡೆ ಮೇಲಿಂದ ಅಲ್ಲ. ಮುಂದಿನ ಬಾಗಿಲಿಂದ ಬನ್ನಿ."

ಹುಚ್ಚಮ್ಮ ಬಂದಳು. ಕುರ್ಚಿಯ ಅಂಚಿನಲ್ಲಿ ಕೂತಳು. ಕಾಫಿಯ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಬಾಯಿಗೆ ಹೊಯ್ದುಕೊಳ್ಳುತ್ತಾಳೋ ಎಂದು ಆಶಾರಾಣಿ ಕಣ್ಣಿಟ್ಟು ನೋಡಿದಳು. ಹುಚ್ಚಮ್ಮ ಕಚ್ಚಿಯೇ ಕುಡಿದಳು.

"ಸಕ್ರೆ ಜಾಸ್ತಿ ಆಯ್ತು ಕಣವ್ವ," ಎಂದು ಲೋಟ ಕೆಳಗಿಟ್ಟು, ಕಳ್ಳಿ ತುಂಬಿದ ಬಕೆಟ್ ಎತ್ತಿಕೊಂಡು ಹಿತ್ತಲ ಕಡೆ ತಿರುಗಿದಳು.

"ಬಂದ ದಾರೀಲೇ ಹೋಗಿ," ಎಂದಳು ಆಶಾರಾಣಿ.

ಹುಚ್ಚಮ್ಮ ಹೊಸಿಲಲ್ಲಿ ಒಂದು ಗಳಿಗೆ ನಿಂತು, ಬೀದಿಯ ಎರಡೂ ತುದಿ ನೋಡಿ, ಸೆರಗು ಸರಿಮಾಡಿಕೊಂಡು ಇಳಿದಳು. ಬೀದಿ ನಲ್ಲಿಯ ಹತ್ತಿರ ನಿಂತಿದ್ದ ಎದುರು ಮನೆಯ ಹನುಮಯ್ಯ ಕೂಗಿದ: "ಏನ್ ಹುಚ್ಚಕ್ಕ, ಎಲ್ಲಿಂದ?"

ಗೇಟಿನವರೆಗೆ ಬಂದಿದ್ದ ಆಶಾರಾಣಿ ಕಿವಿಗೊಟ್ಟಳು.

"ಟೀಚರಮ್ಮನ ಮನೆಯಿಂದ. ಸುಣ್ಣಕ್ಕೆ ಕಳ್ಳಿ ಬೇಕಿತ್ತು."

ಕಾಫಿಯ ಮಾತು ಬರಲಿಲ್ಲ.