ಗುಬ್ಬಿ ತಂದ ರಾಜಿ

ಮಕ್ಕಳ ವಾರ್ಡಿನ ಕಿರಿಯ ವೈದ್ಯೆಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಆಳು ಚಿಕ್ಕವಳಾದರೂ ಯಾರಿಗೂ ಹೆದರುವ ಜೀವ ಅಲ್ಲ. ಅದಕ್ಕೇ ಕಿರಿಯ ವೈದ್ಯರು ಅವಳನ್ನು ಸಂಘದ ಮುಂದಾಳನ್ನಾಗಿ ಮಾಡಿದ್ದರು.

ಆರೋಗ್ಯ ಇಲಾಖೆ ಹೊಸ ಕರಾರು ತಂದಿತ್ತು. ಇನ್ನು ಮೇಲೆ ಶನಿವಾರವೂ ಮಾಮೂಲು ಕೆಲಸದ ದಿನ. ಡ್ಯೂಟಿ ಎಷ್ಟು ಹೊತ್ತು ಎಳೆದರೂ ಕೇಳುವವರಿಲ್ಲ. ಹೆರಿಗೆ ರಜೆ ಸೇವೆಯ ಲೆಕ್ಕಕ್ಕಿಲ್ಲ. ಆ ರಜೆಗೆ ಹೋದವರು ಸಂಬಳದಲ್ಲೂ ಬಡ್ತಿಯಲ್ಲೂ ಹಿಂದೆ ಬೀಳುತ್ತಾರೆ. ವೈದ್ಯರು ಎರಡು ಸಲ ಮುಷ್ಕರ ಹೂಡಿದ ಮೇಲೆ ಮಾತುಕತೆಗೆ ಕರೆ ಬಂತು.

ಇಲಾಖೆಯ ಅಧಿಕಾರಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವರು. ಆದರೂ ಗುಬ್ಬಿ ಪಟ್ಟು ಬಿಡಲಿಲ್ಲ. ಡ್ಯೂಟಿಯ ಹೊತ್ತಿಗೆ ಮಿತಿ ಸಿಕ್ಕಿತು, ನಡುವೆ ಕಡ್ಡಾಯ ವಿಶ್ರಾಂತಿ ಸಿಕ್ಕಿತು, ಶನಿವಾರದ ರಜೆ ಮಾತ್ರ ಸಿಗಲಿಲ್ಲ. ಹೆರಿಗೆ ರಜೆಯ ಮಾತು ಬಂದಾಗ ಅಧಿಕಾರಿ, "ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಮ್ಮ" ಎಂದರು. ಸೋತು ಸುಣ್ಣವಾಗಿದ್ದ ಗುಬ್ಬಿ ಅದನ್ನು ಬಿಟ್ಟುಕೊಟ್ಟಳು.

ಕ್ಯಾಂಟೀನಿನಲ್ಲಿ ಸಭೆ ಸೇರಿತು. ಅವಳು ರಾಜಿಯ ವಿವರ ಹೇಳಿ ಮುಗಿಸಿದಾಗ ಮೊದಲು ಎದ್ದವನು ಲಂಬು. ಅರಿವಳಿಕೆ ವಿಭಾಗದವನು, ಓದುವ ಕಾಲದಿಂದಲೂ ಅವಳ ಗೆಳೆಯ. ಅವನ ಹೆಂಡತಿಯೂ ಅಲ್ಲಿಯೇ ವೈದ್ಯೆ. ಹಲ್ಲು ಮೂಡುತ್ತಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ಕೂತಿದ್ದಳು.

"ನೀನು ಕಷ್ಟಪಟ್ಟಿಲ್ಲ ಅನ್ನಲ್ಲ ಗುಬ್ಬಿ. ಆದ್ರೆ ಮನೇಲಿ ಇವಳಿಗೆ ಹೇಗೆ ಮುಖ ತೋರಿಸ್ಲಿ? ಮಗು ಹೆತ್ತಿದ್ದಕ್ಕೆ ದಂಡ ಕಟ್ಟು ಅಂತ ನಾನೇ ಕೈ ಎತ್ತಬೇಕಾ?"

"ಪೂರ್ತಿ ಬೇಕು ಅಂತ ಕೂತ್ರೆ ಸಿಕ್ಕಿದ್ದೂ ಹೋಗುತ್ತೆ ಕಣೋ."

"ಹೋಗ್ಲಿ ಬಿಡು!"

ಕೈ ಎತ್ತಿಸಿದರು. ರಾಜಿ ಬಿದ್ದುಹೋಯಿತು. ಗುಬ್ಬಿ ಅಲ್ಲಿಯೇ ಮುಂದಾಳುತನ ಬಿಟ್ಟಳು. ಲಂಬುವನ್ನು ಆ ಜಾಗಕ್ಕೆ ಆರಿಸಿದರು.

ಮನೆಯಲ್ಲಿ ಅಮ್ಮ ಬಟ್ಟೆ ಮಡಿಸುತ್ತಾ ಎಲ್ಲವನ್ನೂ ಕೇಳಿದಳು. "ನಿಂಗೆ ಜಗಳ ಬರುತ್ತೆ ಮಗಳೇ, ರಾಜಿ ಬರಲ್ಲ. ಚಿಕ್ಕಂದಿನಿಂದ್ಲೂ ಹಾಗೇ."

ಗುಬ್ಬಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. "ಅವರು ನನ್ನ ಕೈಬಿಟ್ರು ಅಂತ ಅಲ್ಲಮ್ಮ. ಅವರಲ್ಲಿ ಅರ್ಧ ಜನ ಹೆಂಗಸರು, ಅವರ ಕೈಯನ್ನ ಮೊದ್ಲು ನಾನೇ ಬಿಟ್ಟಿದ್ದೆ."

ಮರುದಿನ ವಾರ್ಡಿನ ಮೆಟ್ಟಿಲಲ್ಲಿ ಲಂಬುವಿನ ಹೆಂಡತಿ ಅವಳನ್ನು ತಡೆದಳು.

"ನಾನು ನಿನ್ನ ಕಡೆಗೇ ಕೈ ಎತ್ತಿದ್ದು, ಗೊತ್ತಾ?"

"ನೀನಾ? ನಿನಗೇ ಅನ್ಯಾಯ ಆಗಿತ್ತಲ್ಲೇ."

"ಸಿಟ್ಟು ಬಂದಿತ್ತು, ಸುಳ್ಳು ಹೇಳಲ್ಲ. ಆದ್ರೆ ಆ ವಿಶ್ರಾಂತಿ ನಂಗೆ ಬೇಕಿತ್ತು. ನಮ್ಮನೆಯೋರು ನನಗೋಸ್ಕರ ಯುದ್ಧಕ್ಕೆ ಹೊರಟಿದ್ದಾರೆ, ನನ್ನನ್ನ ಒಂದು ಮಾತು ಕೇಳಿಲ್ಲ!"

ಇಬ್ಬರೂ ಗೋಡೆಗೆ ಒರಗಿ ನಕ್ಕರು.

ಆ ವಾರವೇ ಇಲಾಖೆ, ವೈದ್ಯರು ಒಪ್ಪಲಿ ಬಿಡಲಿ, ರಾಜಿಯಲ್ಲಿ ಇದ್ದ ಹಾಗೆಯೇ ಕರಾರನ್ನು ಹೇರಿತು. ಮೂರನೆಯ ಮುಷ್ಕರವೂ ನಡೆಯಿತು. ಗುಬ್ಬಿ ಗೇಟಿನ ಹತ್ತಿರ ಎಲ್ಲರ ನಡುವೆ ನಿಂತು ಘೋಷಣೆ ಕೂಗಿದಳು. ಏನೂ ಫಲ ಸಿಗಲಿಲ್ಲ. ಒಬ್ಬೊಬ್ಬರಾಗಿ ಸಹಿ ಹಾಕಿದರು. ಆದರೆ ಹೆರಿಗೆಯ ನಿಯಮದಿಂದ ಊರಲ್ಲೆಲ್ಲ ಛೀಮಾರಿ ಹಾಕಿಸಿಕೊಂಡ ಇಲಾಖೆ, ಅದೊಂದನ್ನು ಮತ್ತೆ ಮಾತಾಡೋಣ ಎಂದಿತು.

ಲಂಬು ಗುಬ್ಬಿಯನ್ನು ಹುಡುಕಿಕೊಂಡು ಬಂದ. "ನೀನೂ ಬಾರೆ. ಆ ಮನುಷ್ಯ ಎಲ್ಲಿ ಜಾರ್ಕೊಳ್ತಾನೆ ಅಂತ ನಿಂಗೇ ಗೊತ್ತು."

"ಬರ್ತೀನಿ. ನಿನ್ನ ಹೆಂಡತೀನೂ ಬರ್ಲಿ. ಈ ಸಲ ಅವಳೇ ಮಾತಾಡ್ಲಿ."

ಅವಳು ಮಾತಾಡಿದಳು. "ಮಗು ನೋಡ್ಕೊಳ್ಳೋದು ರಜ ಅಲ್ಲ ಸರ್. ವಾರ್ಡಲ್ಲಾದ್ರೆ ಡ್ಯೂಟಿ ಮುಗಿಯುತ್ತೆ." ಅಧಿಕಾರಿ ನಕ್ಕು, "ಪರಿಶೀಲಿಸೋಣ" ಎಂದರು. "ಯಾರು ಪರಿಶೀಲಿಸ್ತಾರೆ ಸರ್, ಯಾವಾಗ?" ಎಂದು ಗುಬ್ಬಿ ಹಿಡಿದಳು. ಸಂಜೆಯವರೆಗೂ ಬಿಡಲಿಲ್ಲ. ಕೊನೆಗೆ ಹೆರಿಗೆ ರಜೆಯೂ ಸೇವೆಯ ಲೆಕ್ಕಕ್ಕೆ ಸೇರಿತು. ಶನಿವಾರ ಮಾತ್ರ ಹೋದದ್ದು ಹೋಯಿತು.

ಹೊರಗೆ ಬಂದಾಗ, ಮಗುವನ್ನು ಆಡಿಸುತ್ತಿದ್ದ ಲಂಬು, "ಕ್ಯಾಂಟೀನಲ್ಲಿ ನಾನು ಹಾಗೆ ಮಾತಾಡಬಾರದಿತ್ತು" ಎಂದ.

"ಮಾತಾಡಿದ್ದು ಸರಿಯಾಗೇ ಇತ್ತು. ನಂಗೆ ನೋವಾಯ್ತು, ಅಷ್ಟೇ" ಎಂದಳು ಗುಬ್ಬಿ, ಮಗುವನ್ನು ಅವನ ತೋಳಿನಿಂದ ಎತ್ತಿಕೊಂಡು.