ಒಣಗಿದ ಬೆರಳಿನ ಕರೆಂಟು

ಪಾರ್ಶ್ವವಾಯು ಬಡಿದ ಮೇಲೆ ಅಮ್ಮನಿಗೆ ಕೂಗಲು ಸ್ವರವಿಲ್ಲ, ಸ್ವಿಚ್ಚು ಒತ್ತಲು ಬೆರಳಲ್ಲಿ ಬಲವೂ ಇಲ್ಲ. ಪ್ಲಸ್ ಟು ಮಕ್ಕಳಿಗೆ ಇಪ್ಪತ್ತು ವರ್ಷ ಭೌತಶಾಸ್ತ್ರ ಕಲಿಸಿದ ನಾನು ಸುಮ್ಮನಿರುವುದುಂಟೇ? ಮಂಚದ ಪಕ್ಕ ಎರಡು ತಗಡಿನ ಚೂರು ಕೂರಿಸಿದೆ, ಅಡುಗೆಮನೆಯಲ್ಲಿ ಬೆಲ್ಲು, ನಡುವೆ ಒಂದು ಟ್ರಾನ್ಸಿಸ್ಟರು, ಸಣ್ಣ ಬ್ಯಾಟರಿ. ಬೆರಳು ಎರಡೂ ತಗಡನ್ನು ಮುಟ್ಟಿದರೆ ಚರ್ಮದ ಮೂಲಕ ಚೂರೇ ಚೂರು ಕರೆಂಟು ಟ್ರಾನ್ಸಿಸ್ಟರಿನ ಬೇಸ್ ಎಂಬ ಕಾಲಿಗೆ ಹೋಗುತ್ತದೆ, ಅದು ಬೆಲ್ಲಿಗೆ ಬೇಕಾದ ದೊಡ್ಡ ಕರೆಂಟನ್ನು ಹರಿಯಬಿಡುತ್ತದೆ. ಎಷ್ಟು ದೊಡ್ಡದು? ಪರೀಕ್ಷೆಯ ಲೆಕ್ಕದಲ್ಲಿ ಕೊಡುವ ಹಾಗೆ ಇನ್ನೂರು ಪಟ್ಟು ಎಂದು ಹಿಡಿದೆ. ಪಾತ್ರೆ ತೊಳೆಯುತ್ತಿದ್ದ ಕೈಯಲ್ಲೇ ಬಂದು ಮುಟ್ಟಿದೆ. ಬೆಲ್ಲು ಕಿರುಚಿತು.

ಮರುದಿನ ಬೆಳಿಗ್ಗೆಯಿಂದ ಬೆಲ್ಲು ಸುಮ್ಮನಿತ್ತು. ಅಮ್ಮನಿಗೆ ಏನೂ ಬೇಡವೆಂದು ನೆಮ್ಮದಿಯಾಗಿದ್ದೆ. ಹನ್ನೊಂದಕ್ಕೆ ಗಂಜಿ ಒಯ್ದರೆ ಹಾಸಿಗೆ ಒದ್ದೆ.

"ನಾಲ್ಕು ಸರ್ತಿ ಮುಟ್ಟಿದೆ," ಎಂದು ಅಮ್ಮ ಗೋಡೆ ನೋಡುತ್ತಾ ಪಿಸುಗುಟ್ಟಿದರು. "ನಿನಗೆ ಕೆಲಸ ಉಂಟಲ್ಲ ಅಂತ ಬಿಟ್ಟೆ."

ನಾಚಿಕೆಯಿಂದ ಕುಗ್ಗಿಹೋದೆ. ನಾಯ್ಮಾರ್ಮೂಲೆಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೆಯ ಶಿಷ್ಯ ಗುಣಪಾಲನಿಗೆ ಫೋನು ಮಾಡಿದೆ. ಅವನು ಬಂದು ನನ್ನ ಲೆಕ್ಕದ ಹಾಳೆಯನ್ನು ಮೂಸಿಯೂ ನೋಡಲಿಲ್ಲ. ಮೊದಲು ಅಮ್ಮನ ಬೆರಳಿಗೆ ಮೀಟರು ಹಿಡಿದ.

"ಟೀಚರ್, ನೀವು ನಿಮ್ಮ ಒದ್ದೆ ಬೆರಳಿಗೆ ಲೆಕ್ಕ ಮಾಡಿದ್ದು. ಇವರದ್ದು ಒಣಗಿ ಕಾಗದ ಆಗಿದೆ. ಇನ್ನೂರು ಅಂತ ನಂಬಬೇಡಿ, ಹತ್ತೇ ಪಟ್ಟು ಅಂತ ಹಿಡಿದು ಬೇಸ್‌ಗೆ ಧಾರಾಳ ಕರೆಂಟು ಕೊಡಬೇಕು."

ಅಮ್ಮನ ಬೆರಳಿನಿಂದ ಅಷ್ಟು ಬರುವಂತಿರಲಿಲ್ಲ. ಹಾಗಾಗಿ ಇನ್ನೊಂದು ಟ್ರಾನ್ಸಿಸ್ಟರು ಸೇರಿಸಿದ. ಮೊದಲನೆಯದು ಬೆರಳಿನ ಕರೆಂಟನ್ನು ಹೆಚ್ಚಿಸಿ ಎರಡನೆಯದಕ್ಕೆ ಕೊಡುತ್ತದೆ. ಒಣ ಬೆರಳು ಸೋಕಿದರೂ ಬೆಲ್ಲು ಹೊಡೆಯಿತು. ಚಹಾ ಕುಡಿದು ಹೋದ.

ಮಧ್ಯಾಹ್ನ ಸೌತೆಕಾಯಿ ಹೆಚ್ಚುತ್ತಿದ್ದರೂ ಕಿವಿಯೆಲ್ಲ ಬೆಲ್ಲಿನ ಮೇಲೆ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಎರಡು ಸಲ ಬ್ಯಾಟರಿ ನೋಡಿದೆ. ಕೊನೆಗೆ ಎದ್ದು ಓಡಿದೆ. ಹಾಸಿಗೆ ಮತ್ತೆ ಒದ್ದೆ. ಅಮ್ಮನ ಬೆರಳು ತಗಡಿನಿಂದ ಎರಡೇ ಇಂಚು ದೂರದಲ್ಲಿತ್ತು.

"ಮುಟ್ಟಲಿಲ್ಲ ಯಾಕಮ್ಮ?"

"ಮುಟ್ಟಿದರೂ ನೀನು ಬರುವುದಿಲ್ಲ ಅಲ್ವಾ."

ತಪ್ಪು ನನ್ನ ಲೆಕ್ಕದ್ದು, ಈಗ ಸರಿಯಾಗಿದೆ ಎಂದು ವಿವರಿಸಿದೆ. ತರಗತಿಯ ಕೊನೆಯ ಬೆಂಚಿನವರಂತೆ ಸುಮ್ಮನೆ ಕೇಳಿದರು, ಒಪ್ಪಲಿಲ್ಲ. ಬಟ್ಟೆ ಬದಲಿಸಿ, ಅವರ ಬೆರಳು ಹಿಡಿದು ತಗಡಿಗೆ ಮುಟ್ಟಿಸಿದೆ. ಅಡುಗೆಮನೆಯಲ್ಲಿ ಬೆಲ್ಲು ಹೊಡೆಯಿತು.

"ನೀನು ಇಲ್ಲೇ ಇದ್ದೀಯಲ್ಲ," ಎಂದರು ಅಮ್ಮ. "ಅಲ್ಲಿಗೆ ಹೋಗು."

ಅಡುಗೆಮನೆಗೆ ಹೋಗಿ ಬಾಗಿಲಿಗೆ ಮುಖ ಮಾಡಿ ನಿಂತೆ. ಬಹಳ ಹೊತ್ತು ಏನೂ ಕೇಳಲಿಲ್ಲ. ಅಮ್ಮನ ಬಳಿಗೆ ಹೋಗಿಬಿಡಲೇ ಎಂದು ಕಾಲು ತುಡಿಯಿತು. ಬೆಲ್ಲು ಹೊಡೆಯುವ ಮೊದಲೇ ಹೋದರೆ ಅವರು ಇನ್ನೆಂದೂ ಮುಟ್ಟುವುದಿಲ್ಲವೆಂದು ತಡೆದುಕೊಂಡೆ.

ಬೆಲ್ಲು ಹೊಡೆಯಿತು. ನಾನು ಓಡಿದೆ.